ದೀಕ್ಷಾಸ್ನಾನದ ಬೆಳ್ಳಿ ಉಡುಗೊರೆಗಳು

ದೀಕ್ಷಾಸ್ನಾನದ ಬೆಳ್ಳಿ ಉಡುಗೊರೆಗಳು ಎಂದರೆ ಇಂಗ್ಲೆಂಡಿನಲ್ಲಿ ಕ್ರೈಸ್ತ ಶಿಶುಗಳಿಗೆ ದೀಕ್ಷಾಸ್ನಾನದ ಸಂದರ್ಭದಲ್ಲಿ ನೀಡಲಾಗುತ್ತಿದ್ದ ಚಮಚ, ಹಿಡಿಯುಳ್ಳ ಲೋಟ, ಬಟ್ಟಲು ಮುಂತಾದ ಊಟದ ಸಾಮಗ್ರಿಗಳು. ಸಾಮಾನ್ಯವಾಗಿ ಮಗುವಿನ ಧರ್ಮಪಿತ, ಧರ್ಮಮಾತೆಯರು ಇವನ್ನು ಕೊಡುತ್ತಿದ್ದರು. ಮಗುವಿನ ಹೆಸರು ಅಥವಾ ಮೊದಲಕ್ಷರಗಳು, ಜನ್ಮದಿನಾಂಕ, ಕೆಲವೊಮ್ಮೆ ಕೊಟ್ಟವರ ಹೆಸರು ಇವುಗಳ ಮೇಲೆ ಕೆತ್ತಲ್ಪಟ್ಟಿರುತ್ತವೆ.

ಇತಿಹಾಸ

15ರಿಂದ 17ನೆಯ ಶತಮಾನದವರೆಗೆ ಅಪೋಸ್ತಲ ಚಮಚಗಳು ಪ್ರಚಲಿತವಾಗಿದ್ದವು. ಇವುಗಳ ಹಿಡಿಯ ತುದಿಯಲ್ಲಿ ಯೇಸುವಿನ ಶಿಷ್ಯರೊಬ್ಬರ ಪುಟ್ಟ ವಿಗ್ರಹವಿರುತ್ತದೆ. ಕೈಯಲ್ಲಿ ಬೀಗದ ಕೈ ಇದ್ದರೆ ಪೇತ್ರ, ಓರೆಶಿಲುಬೆ ಇದ್ದರೆ ಅಂದ್ರೆಯ ಎಂದು ಗುರುತಿಸಲಾಗುತ್ತದೆ. ಹನ್ನೆರಡು ಶಿಷ್ಯರೊಡನೆ ಯೇಸುವೂ ಸೇರಿ ಪೂರ್ಣ ಜೊತೆಯಲ್ಲಿ 13 ಚಮಚಗಳು. ಅಷ್ಟನ್ನು ಕೊಡಲು ಸಿರಿವಂತರಿಗೆ ಮಾತ್ರ ಸಾಧ್ಯವಿತ್ತು. ಉಳಿದವರು ಒಂದೋ ಎರಡೋ ಕೊಟ್ಟು ತೃಪ್ತರಾಗುತ್ತಿದ್ದರು. ಷೇಕ್ಸ್‌ಪಿಯರನ 'ಎಂಟನೆಯ ಹೆನ್ರಿ' ನಾಟಕದಲ್ಲಿ ಈ ಪದ್ಧತಿಯ ಕುರಿತು ಹಾಸ್ಯದ ಪ್ರಸ್ತಾಪವಿದೆ.

18 ಮತ್ತು 19ನೆಯ ಶತಮಾನಗಳಲ್ಲಿ ಲೋಟವೇ ಮುಖ್ಯ ಉಡುಗೊರೆಯಾಯಿತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಚಾಕು, ಮುಳ್ಳುಚಮಚ, ಚಮಚಗಳನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಕೊಡುವುದೂ ರೂಢಿಗೆ ಬಂದಿತು. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಸಂಸ್ಥೆ ವಿದ್ಯುತ್ ಲೇಪನದ ಪೇಟೆಂಟ್ ಪಡೆದ ಬಳಿಕ ಬೆಳ್ಳಿ ಲೇಪಿತ ಅಗ್ಗದ ಲೋಟಗಳು ಮಧ್ಯಮವರ್ಗದ ಮನೆಗಳನ್ನೂ ತಲುಪಿದವು.

ಕೆತ್ತನೆ

ಚೂಪಾದ ಉಕ್ಕಿನ ಉಳಿಯಿಂದ ಲೋಹವನ್ನು ಎಳೆಯಾಗಿ ಹೆರೆದು ತೆಗೆಯುವುದೇ ಕೆತ್ತನೆ. ಲೋಹವನ್ನು ತೆಗೆಯದೆ ಬಡಿದು ರೂಪಿಸುವ ಉಬ್ಬುಕೆಲಸ ಇದಕ್ಕಿಂತ ಭಿನ್ನ. ಸರಳವಾಗಿದ್ದ 18ನೆಯ ಶತಮಾನದ ಲೋಟಗಳಿಗೆ ಮುಂದಿನ ಶತಮಾನದವರು ಹೂಬಳ್ಳಿಗಳ ಉಬ್ಬುಕೆಲಸ ಮಾಡಿಸಿದ್ದುಂಟು. ಸಂಗ್ರಾಹಕರು ಇದನ್ನು ಅಂದವೆಂದಲ್ಲ, ಹಾನಿಯೆಂದೇ ಎಣಿಸುತ್ತಾರೆ.

ಪಾತ್ರೆ ಕೈ ಬದಲಾದಾಗ ಹಳೆಯ ಹೆಸರನ್ನು ಉಜ್ಜಿ ಅಳಿಸುವುದಿತ್ತು. ಅಂತಹ ಜಾಗದಲ್ಲಿ ತಗಡು ತೆಳುವಾಗಿ, ಹೆಬ್ಬೆರಳಿನಿಂದ ಒತ್ತಿದರೆ ಬಳುಕುತ್ತದೆ. ಬಾಯಿಂದ ಉಸಿರು ಹಾಯಿಸಿದರೆ ಅಳಿದ ಅಕ್ಷರಗಳ ಜಾಡು ಕ್ಷಣಕಾಲ ಮೂಡುವುದೂ ಉಂಟು. ಶಿಶುಮರಣ ಹೆಚ್ಚಾಗಿದ್ದ ಆ ಕಾಲದಲ್ಲಿ ಎಳವೆಯಲ್ಲೇ ತೀರಿಕೊಂಡ ಮಗುವಿನ ಗುರುತಾಗಿ ಮನೆಯಲ್ಲಿ ಉಳಿಯುತ್ತಿದ್ದುದು ಕೆಲವೊಮ್ಮೆ ಇಂತಹದೊಂದು ಬಟ್ಟಲು ಮಾತ್ರ. ಆದ್ದರಿಂದ ಹೆಸರು ಅಳಿಸಿದ ಪಾತ್ರೆಯಲ್ಲಿ ಬೆಲೆಯೊಂದೇ ನಷ್ಟವಾಗುವುದಿಲ್ಲ.

ಮುದ್ರೆಗಳು

ಸ್ಟರ್ಲಿಂಗ್ ಬೆಳ್ಳಿಯಲ್ಲಿ ಶೇ. 92.5ರಷ್ಟು ಶುದ್ಧ ಬೆಳ್ಳಿಯಿರುತ್ತದೆ. ನಡೆಯುತ್ತಿರುವ ಸಿಂಹದ ಮುದ್ರೆ 1544ರಿಂದ ಬಳಕೆಯಲ್ಲಿದೆ. ಚಿರತೆಯ ತಲೆ ಲಂಡನ್ನಿನ, ಲಂಗರು ಬರ್ಮಿಂಗ್‌ಹ್ಯಾಮಿನ ಗುರುತು. ಪರೀಕ್ಷೆಯ ವರ್ಷವನ್ನು ಒಂದು ಅಕ್ಷರ ಸೂಚಿಸುತ್ತದೆ. ಕೆತ್ತಿದ ಜನ್ಮದಿನಾಂಕ ಆ ವರ್ಷಕ್ಕಿಂತ ದಶಕಗಳಷ್ಟು ಈಚಿನದಾಗಿದ್ದರೆ ಅದು ಮೋಸವೇ ಆಗಬೇಕೆಂದಿಲ್ಲ. ಮನೆಯ ಹಳೆಯ ಲೋಟವನ್ನೇ ಹೊಸ ಮಗುವಿಗೆ ಕೊಟ್ಟಿರಬಹುದು. ಕಲ್ಕತ್ತೆ, ಮದರಾಸುಗಳಲ್ಲಿ ಬ್ರಿಟಿಷರಿಗಾಗಿ ತಯಾರಾದ ಬೆಳ್ಳಿಪಾತ್ರೆಗಳಿಗೆ ಇಂತಹ ಸರ್ಕಾರಿ ಮುದ್ರೆ ಇರಲಿಲ್ಲವಾದ್ದರಿಂದ ಅವುಗಳ ಕಾಲನಿರ್ಣಯಕ್ಕೆ ತಯಾರಕರ ಗುರುತು ಮತ್ತು ಕೆತ್ತಿದ ದಿನಾಂಕಗಳೇ ಮುಖ್ಯ ಆಧಾರ.

ನಾಶ

ಹೆಸರು ಕೆತ್ತಿದ ಪಾತ್ರೆಗಳಿಗೆ ಬೇರೆ ಮನೆತನದವರು ಕೊಳ್ಳುಗರಾಗುವುದು ವಿರಳ. ಹೀಗಾಗಿ ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಇವು ಕುಲುಮೆ ಸೇರಿವೆ. 1980ರ ಜನವರಿಯಲ್ಲಿ ಬೆಲೆ ಔನ್ಸಿಗೆ ಸುಮಾರು 50 ಡಾಲರಿಗೆ ಮುಟ್ಟಿದಾಗ ಅಪಾರ ಪ್ರಮಾಣದ ಹಳೆಯ ಬೆಳ್ಳಿಪಾತ್ರೆಗಳನ್ನು ಕರಗಿಸಲಾಯಿತು.