ಬೃಹತ್ ಕೃಷಿ ಹೂಡಿಕೆ ಯೋಜನೆಗಳು ಮತ್ತು ಕುಟುಂಬ ಕೃಷಿಕರು

ಪೀಠಿಕೆ

2008ರ ಆಹಾರ ಧಾನ್ಯಗಳ ಬೆಲೆಯೇರಿಕೆಯ ನಂತರ ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಕಂಪನಿಗಳು ವಿಶಾಲ ಭೂಮಿಯನ್ನು ದೀರ್ಘಾವಧಿ ಗುತ್ತಿಗೆಗೆ ಪಡೆಯುವುದು ಹೆಚ್ಚಾಯಿತು. ಕೃಷಿಗೆ ಬಂಡವಾಳ ಅವಶ್ಯಕ. ಆದರೆ ಕುಟುಂಬ ಕೃಷಿಕರಿಗೆ ಅದರಿಂದಾಗುವ ಲಾಭ ನಷ್ಟಗಳು ಭೂಮಿ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿವೆ.

ಇಥಿಯೋಪಿಯಾದ ಅನುಭವ

ಪಶ್ಚಿಮ ಇಥಿಯೋಪಿಯಾದ ಗ್ಯಾಂಬೆಲ್ಲಾ ಪ್ರದೇಶದಲ್ಲಿ ಬೆಂಗಳೂರು ಮೂಲದ ಕರುತುರಿ ಗ್ಲೋಬಲ್ ಕಂಪನಿಗೆ 2010ರಲ್ಲಿ 1 ಲಕ್ಷ ಹೆಕ್ಟೇರ್ (ಸುಮಾರು 2.5 ಲಕ್ಷ ಎಕರೆ) ಭೂಮಿಯನ್ನು 50 ವರ್ಷಗಳ ಅವಧಿಗೆ, ಹೆಕ್ಟೇರಿಗೆ ವರ್ಷಕ್ಕೆ 20 ಬಿರ್ ದರದಲ್ಲಿ ಗುತ್ತಿಗೆ ನೀಡಲಾಯಿತು. ಬಿರ್ ಆ ದೇಶದ ನಾಣ್ಯ. ಅಂದಿನ ವಿನಿಮಯ ದರದಲ್ಲಿ ಈ ಮೊತ್ತ ಒಂದೂವರೆ ಡಾಲರಿಗಿಂತ ಕಡಿಮೆ.

ಅಲ್ಲಿ ಭೂಮಿಯ ಒಡೆತನ ಸರ್ಕಾರ ಮತ್ತು ಜನತೆಗೆ ಸೇರಿದ್ದು, ರೈತರಿಗೆ ಬಳಕೆಯ ಹಕ್ಕು ಮಾತ್ರ ಇದೆ. ಹೀಗಾಗಿ ಹೊರನೋಟಕ್ಕೆ ಖಾಲಿಯಾಗಿ ಕಾಣುವ ಭೂಮಿಯನ್ನು ಗುತ್ತಿಗೆ ಕೊಡುವುದು ಸುಲಭ. ಆದರೆ ಈ ಪ್ರದೇಶದ ಅನುವಾಕ್ ಸಮುದಾಯದವರು ಭೂಮಿಯನ್ನು ಕೆಲವು ವರ್ಷ ಬೀಳುಬಿಟ್ಟು ಮತ್ತೆ ಉಳುತ್ತಾರೆ. ನೆರೆ ಇಳಿದ ನದಿದಂಡೆಯ ತೇವಾಂಶದಲ್ಲಿ ಮುಸುಕಿನ ಜೋಳ ಬೆಳೆಯುತ್ತಾರೆ. ನ್ಯುಯೆರ್ ಸಮುದಾಯದವರಿಗೆ ಇದೇ ಬಯಲು ಗೋಮಾಳ.

2011ರಲ್ಲಿ ಬಾರೋ ನದಿಯ ಪ್ರವಾಹದಿಂದ ಕಂಪನಿಯ ಮುಸುಕಿನ ಜೋಳದ ಬೆಳೆ ನಾಶವಾಯಿತು. ಸುಮಾರು 1,200 ಹೆಕ್ಟೇರ್ ಮಾತ್ರ ಅಭಿವೃದ್ಧಿಯಾಗಿದೆ ಎಂಬ ಕಾರಣ ನೀಡಿ ಸರ್ಕಾರವು 2015ರ ಕೊನೆಯಲ್ಲಿ ಗುತ್ತಿಗೆಯನ್ನು ರದ್ದುಪಡಿಸಿತು. ಕಂಪನಿ ಇದನ್ನು ಆಕ್ಷೇಪಿಸಿತು. ಇಂತಹ ಯೋಜನೆ ವಿಫಲವಾದಾಗ ಹೂಡಿಕೆದಾರರು ಹಿಂದಿರುಗಬಹುದು. ಮೇವು, ಉರುವಲು ಮತ್ತು ನೀರಿನ ದಾರಿ ಕಳೆದುಕೊಂಡ ಕುಟುಂಬಗಳಿಗೆ ಆ ಅವಕಾಶವಿಲ್ಲ.

ಭೂಮಿ ರೈತರಲ್ಲೇ ಉಳಿಯುವ ಮಾದರಿ

ಕರ್ನಾಟಕದಲ್ಲಿ ರಫ್ತಿಗಾಗಿ ಮಿಡಿಸೌತೆಯನ್ನು ಸಣ್ಣ ರೈತರು ತಮ್ಮದೇ ಹೊಲದಲ್ಲಿ ಬೆಳೆಯುತ್ತಾರೆ. ಕಂಪನಿಯು ಬೀಜ, ಗೊಬ್ಬರ ಮತ್ತು ತಾಂತ್ರಿಕ ಸಲಹೆ ಒದಗಿಸಿ, ಕಾಯಿಯ ಗಾತ್ರಕ್ಕೆ ಅನುಗುಣವಾಗಿ ಪೂರ್ವನಿಗದಿತ ದರ ನೀಡುತ್ತದೆ. ಇಲ್ಲಿಯೂ ತೊಡಕುಗಳಿವೆ: ಕಾಯಿ ಒಂದು ದಿನ ತಡವಾಗಿ ಕಿತ್ತರೂ ದರ್ಜೆ ಇಳಿಯುತ್ತದೆ, ಪರಿಕರಗಳ ವೆಚ್ಚ ಪಾವತಿಯಲ್ಲಿ ಕಡಿತವಾಗುತ್ತದೆ. ಆದರೂ ಒಪ್ಪಂದ ಮುರಿದುಬಿದ್ದರೆ ರೈತನಿಗೆ ನಷ್ಟವಾಗುವುದು ಒಂದು ಬೆಳೆ ಮಾತ್ರ, ಭೂಮಿಯಲ್ಲ.

ಒಪ್ಪಂದಕ್ಕೆ ಮುನ್ನ ಗಮನಿಸಬೇಕಾದ ಅಂಶಗಳು

1. ಪಹಣಿಯಲ್ಲಿ ಹೆಸರು, ವಿಸ್ತೀರ್ಣ ಸರಿಯಾಗಿರುವುದನ್ನು ಖಚಿತಪಡಿಸಿಕೊಳ್ಳಬೇಕು.
2. ಒಪ್ಪಂದ ಕನ್ನಡದಲ್ಲಿ ಲಿಖಿತವಾಗಿರಬೇಕು; ಒಂದು ಪ್ರತಿ ರೈತರ ಬಳಿ ಇರಬೇಕು.
3. ದರ, ದರ್ಜೆ, ತೂಕದ ಸ್ಥಳ ಹಾಗೂ ಪಾವತಿಯ ದಿನ ಸ್ಪಷ್ಟವಾಗಿರಬೇಕು.
4. ಬೆಳೆ ವಿಫಲವಾದರೆ ಪರಿಕರಗಳ ಸಾಲ ಯಾರ ಹೊಣೆ ಎಂಬುದು ನಮೂದಾಗಿರಬೇಕು.
5. ಮನೆಯ ಆಹಾರ ಮತ್ತು ಮೇವಿಗೆ ಬೇಕಾದಷ್ಟು ಭೂಮಿಯನ್ನು ಒಪ್ಪಂದದಿಂದ ಹೊರಗಿಡುವುದು ಸೂಕ್ತ.

ವಿಸ್ತರಣಾ ಕಾರ್ಯಕರ್ತರು ಗ್ರಾಮದ ಗೋಮಾಳ, ಕೆರೆಯಂಗಳ ಹಾಗೂ ಬೀಳುಭೂಮಿಯ ನೈಜ ಬಳಕೆಯನ್ನು ಗ್ರಾಮಸಭೆಯಲ್ಲಿ ಮುಂಚಿತವಾಗಿಯೇ ದಾಖಲಿಸಲು ನೆರವಾಗಬೇಕು.