ಸೂಜಿಯ ನೋವನ್ನು ತಗ್ಗಿಸಿದ ಸಂಶೋಧನೆಗಳು

ಚರ್ಮದಡಿಗೆ ಮದ್ದು ಚುಚ್ಚುವ ಸಿರಿಂಜಿನ ಆರಂಭದ ಬಳಕೆಗಳಲ್ಲಿ ಒಂದು ನೋವನ್ನು ಶಮನ ಮಾಡುವುದಾಗಿತ್ತು. 1853ರಲ್ಲಿ ಎಡಿನ್‌ಬರೋದ ವೈದ್ಯ ಅಲೆಗ್ಸಾಂಡರ್ ವುಡ್ ನರಶೂಲೆಯ ರೋಗಿಗೆ ಚರ್ಮದಡಿಯಲ್ಲಿ ಮಾರ್ಫಿನ್ ಕೊಟ್ಟರು. ಆದರೆ ಸೂಜಿಯೇ ಉಂಟುಮಾಡುವ ನೋವು ಸಂಶೋಧನೆಯ ವಿಷಯವಾಗಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನ್ ಹನಿಗಳಿಂದ ಕಣ್ಣನ್ನು ಮರಗಟ್ಟಿಸಿ ಸ್ಥಳೀಯ ಅರಿವಳಿಕೆಗೆ ನಾಂದಿ ಹಾಡಿದರು. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಲಿಡೊಕೇನನ್ನು ತಯಾರಿಸಿದರು. ಆದರೆ ಒಂದು ತೊಡಕಿತ್ತು. ಗಾಯವಿಲ್ಲದ ಚರ್ಮದ ಹೊರಪದರವನ್ನು ಈ ಔಷಧಿ ಸುಲಭವಾಗಿ ದಾಟದು. ಹಾಗಾಗಿ ಅದನ್ನೂ ಚುಚ್ಚಿಯೇ ಕೊಡಬೇಕು! ಲಿಡೊಕೇನ್ ಮತ್ತು ಪ್ರಿಲೊಕೇನ್ ಬಿಡಿಬಿಡಿಯಾಗಿ ಕೋಣೆಯ ಉಷ್ಣತೆಯಲ್ಲಿ ಘನವಸ್ತುಗಳು. ಸಮಪ್ರಮಾಣದಲ್ಲಿ ಬೆರೆಸಿದರೆ ಎಣ್ಣೆಯಂತೆ ದ್ರವವಾಗುತ್ತವೆ. ಈ ಗುಣದ ಆಧಾರದ ಮೇಲೆ ರೂಪುಗೊಂಡ ಲೇಪ 1980ರ ದಶಕದಲ್ಲಿ ಬಳಕೆಗೆ ಬಂದಿತು. ಆದರೆ ಅದು ಕೆಲಸಮಾಡಲು ಸುಮಾರು ಒಂದು ಗಂಟೆ ಬೇಕು.

ಇದೇ ವೇಳೆಗೆ ಇನ್ನೊಂದು ತಪ್ಪು ನಂಬಿಕೆ ಕುಸಿಯಿತು. ನವಜಾತ ಶಿಶುವಿನ ನರಮಂಡಲ ಪೂರ್ಣ ಬೆಳೆದಿರುವುದಿಲ್ಲವಾದ್ದರಿಂದ ಅದಕ್ಕೆ ನೋವು ತಿಳಿಯದೆಂದು ಅನೇಕ ವೈದ್ಯರು ಭಾವಿಸಿದ್ದರು. ಎಷ್ಟೋ ಶಿಶುಗಳಿಗೆ ಸಾಕಷ್ಟು ಅರಿವಳಿಕೆ ಇಲ್ಲದೆಯೇ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಭಾರತ ಮೂಲದ ಕೆ.ಜೆ.ಎಸ್. ಆನಂದ್ ಮತ್ತು ಸಂಗಡಿಗರು ಆಕ್ಸ್‌ಫರ್ಡಿನಲ್ಲಿ ನಡೆಸಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಶಸ್ತ್ರಚಿಕಿತ್ಸೆಯ ವೇಳೆ ಫೆಂಟನಿಲ್ ಕೊಟ್ಟಾಗ ದೇಹದ ಒತ್ತಡದ ಹಾರ್ಮೋನುಗಳು ತಗ್ಗಿದ್ದವು. 1997ರಲ್ಲಿ ಟೊರಾಂಟೊದ ಆ್ಯನಾ ಟ್ಯಾಡಿಯೊ ಮತ್ತು ಸಂಗಡಿಗರು ಮತ್ತೊಂದು ಸಂಗತಿ ವರದಿ ಮಾಡಿದರು: ಹುಟ್ಟಿದ ಕೆಲ ದಿನಗಳಲ್ಲೇ ಸುನ್ನತಿಯಾದ ಶಿಶುಗಳು ತಿಂಗಳುಗಳ ಬಳಿಕ ಲಸಿಕೆಯ ವೇಳೆ ಉಳಿದವರಿಗಿಂತ ಹೆಚ್ಚು ನೋವು ತೋರಿದವು. ಸುನ್ನತಿಗೆ ಮೊದಲು ಅರಿವಳಿಕೆ ಲೇಪ ಹಚ್ಚಿದ್ದ ಶಿಶುಗಳಲ್ಲಿ ಈ ಪ್ರತಿಕ್ರಿಯೆ ಕಡಿಮೆಯಿತ್ತು. ನೋವಿನ ಗುರುತು ದೇಹದಲ್ಲಿ ಉಳಿಯಬಹುದೆಂದು ಇದರಿಂದ ತಿಳಿಯಿತು.

ಹಾಗಾದರೆ ಖರ್ಚಿಲ್ಲದೆ ನೋವನ್ನು ತಗ್ಗಿಸಲು ಸಾಧ್ಯವೆ? ಸೂಜಿ ರಕ್ತನಾಳದೊಳಗೆ ಹೋಗಿದೆಯೇ ಎಂದು ತಿಳಿಯಲು ಸಿರಿಂಜಿನ ದಂಡವನ್ನು ಹಿಂದಕ್ಕೆಳೆದು ನೋಡುವುದು, ಬಳಿಕ ಮದ್ದನ್ನು ನಿಧಾನವಾಗಿ ನೀಡುವುದು ಹಳೆಯ ಪಾಠ. ಟೊರಾಂಟೊದ ಮೋಶೆ ಇಪ್ ಮತ್ತು ಸಂಗಡಿಗರು 113 ಶಿಶುಗಳಲ್ಲಿ ಇದನ್ನು ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಳೆಯ ಕ್ರಮದಲ್ಲಿ ಶೇಕಡಾ 82 ಶಿಶುಗಳು ಅತ್ತರೆ, ಹಿಂದಕ್ಕೆಳೆಯದೆ ಬೇಗನೆ ಚುಚ್ಚಿ ತೆಗೆದಾಗ ಅತ್ತವು ಶೇಕಡಾ 43 ಮಾತ್ರ. ಲಸಿಕೆಗೆ ಸೂಚಿಸಿರುವ ತೊಡೆ ಮತ್ತು ತೋಳಿನ ಭಾಗಗಳಲ್ಲಿ ದೊಡ್ಡ ರಕ್ತನಾಳಗಳಿಲ್ಲದಿರುವುದರಿಂದ ಆ ಎಳೆತದ ಅಗತ್ಯವೂ ಇರಲಿಲ್ಲ. (ಇತರ ಔಷಧಿಗಳಿಗೆ ಈ ಮಾತನ್ನು ಹಾಗೆಯೇ ಅನ್ವಯಿಸಬಾರದು.)

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲಸಿಕೆಯ ನೋವಿನ ಬಗೆಗೆ ಸಲಹೆಗಳನ್ನು ಪ್ರಕಟಿಸಿತು. ದಂಡವನ್ನು ಹಿಂದಕ್ಕೆಳೆಯಬಾರದು, ಒಂದೇ ಭೇಟಿಯಲ್ಲಿ ಹಲವು ಲಸಿಕೆಗಳಿದ್ದರೆ ಹೆಚ್ಚು ನೋವಿನದನ್ನು ಕೊನೆಗೆ ಕೊಡಬೇಕು, ಹಸುಗೂಸನ್ನು ಮಲಗಿಸದೆ ತಾಯಿ ಎತ್ತಿಕೊಂಡಿರಬೇಕು, ಸಾಧ್ಯವಾದರೆ ಆಗಲೋ ತುಸು ಮೊದಲೋ ಎದೆಹಾಲು ಕುಡಿಸಬೇಕು. ಚುಚ್ಚುವ ಜಾಗವನ್ನು ಉಜ್ಜುವುದನ್ನು ಅದು ಶಿಫಾರಸು ಮಾಡಲಿಲ್ಲ. ಅರಿವಳಿಕೆ ಲೇಪ ಪರಿಣಾಮಕಾರಿಯಾದರೂ ಅದರ ಬೆಲೆ ಮತ್ತು ತಗಲುವ ಸಮಯದ ಕಾರಣ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮಗಳಿಗೆ ಸೂಚಿಸಲಿಲ್ಲ.

ಸೂಜಿಯ ಭಯ ಬಾಲ್ಯದಲ್ಲಿ ಬೇರೂರಿದರೆ ಮುಂದೆ ಅಗತ್ಯ ಚಿಕಿತ್ಸೆಯನ್ನೂ ತಪ್ಪಿಸಿಕೊಳ್ಳುವಂತೆ ಮಾಡಬಲ್ಲದು. ಅದನ್ನು ತಡೆಯಲು ದುಬಾರಿ ಔಷಧಿಯೇ ಬೇಕೆಂದಿಲ್ಲ. ತಾಯಿಯ ಮಡಿಲು, ಎದೆಹಾಲು, ದಾದಿಯ ನುರಿತ ಕೈ ಇವು ಹಳ್ಳಿಯ ಉಪಕೇಂದ್ರದಲ್ಲೂ ದೊರೆಯುವಂಥವು.