ಮೋರ್ಯರ ಮನೆಯ ಕಲ್ಲು

ಪುಣೆಯ ಕಲ್ಲು ಕಪ್ಪು. ಶನಿವಾರವಾಡೆಯ ಬುನಾದಿ, ಜಂಗ್ಲಿ ಮಹಾರಾಜ್ ರಸ್ತೆಯ ಪಾತಾಳೇಶ್ವರ ಗುಹಾಲಯ, ಯೆರವಾಡದ ಡೆಕ್ಕನ್ ಕಾಲೇಜಿನ ಹಳೆಯ ಕಟ್ಟಡ, ಇವೆಲ್ಲಕ್ಕೂ ಒದಗಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ತಣಿದ ಲಾವಾ. ಅದೇ ಡೆಕ್ಕನ್ ಕಾಲೇಜಿನಲ್ಲಿ 1939ರಲ್ಲಿ ಎಚ್.ಡಿ. ಸಂಕಾಲಿಯಾ ಪುರಾತತ್ತ್ವ ವಿಭಾಗ ಕಟ್ಟಿದರು. ಅಲ್ಲಿಂದ ಹೊರಟವರು ತಮ್ಮ ಬದುಕಿನ ಬಹುಪಾಲನ್ನು ಕಳೆದದ್ದು ಮಾತ್ರ ಬೇರೆಯದೇ ಕಲ್ಲಿನ ನಾಡಿನಲ್ಲಿ: ಬಳ್ಳಾರಿ, ಸುರಪುರ, ತೆಕ್ಕಲಕೋಟೆಗಳ ಕಣಶಿಲೆಯ, ಎಂದರೆ ಗ್ರಾನೈಟಿನ, ಗುಡ್ಡಗಳಲ್ಲಿ. ನಮ್ಮ ಶಿಲಾವೃತ್ತಗಳ, ಕಲ್ಗೋರಿಗಳ, ನಿಲುಗಲ್ಲುಗಳ ಅಧ್ಯಯನದ ಕಥೆ ಈ ಎರಡು ಕಲ್ಲುನಾಡುಗಳ ನಡುವೆ ಓಡಾಡಿದ ಜನರ ಕಥೆ. ಅದನ್ನು ಅಗೆತಗಳ ಪಟ್ಟಿಯಾಗಿ ಹೇಳುವುದೇ ವಾಡಿಕೆ. ನನಗೆ ಮಾತ್ರ ಯಾವಾಗಲೂ ಮುಖ್ಯವೆನಿಸಿದ್ದು ಎರಡು ಪ್ರಶ್ನೆಗಳು: ಈ ಕಲ್ಲು ಎಲ್ಲಿಯದು? ಅದನ್ನು ಕಂಡ ಊರವರು ಏನು ಹೇಳಿದರು?

ಈ ಪ್ರಶ್ನೆಗಳು ಜಗತ್ತಿನಲ್ಲಿ ಹೆಸರಾದದ್ದು ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನಿಂದ. ದೈತ್ಯರು ಆಫ್ರಿಕಾದಿಂದ ಐರ್ಲೆಂಡಿಗೆ ಹೊತ್ತು ತಂದಿದ್ದ ಕಲ್ಲುಗಳನ್ನು ಮೆರ್ಲಿನ್ ಎಂಬ ಮಾಂತ್ರಿಕ ಇಂಗ್ಲೆಂಡಿಗೆ ಸಾಗಿಸಿದನೆಂದು 12ನೇ ಶತಮಾನದಲ್ಲಿ ಜೆಫ್ರಿ ಆಫ್ ಮನ್ಮತ್ ಬರೆದ. 1923ರಲ್ಲಿ ಎಚ್.ಎಚ್. ಥಾಮಸ್ ಎಂಬ ಭೂವಿಜ್ಞಾನಿ, ಅಲ್ಲಿನ ನೀಲಿಗಲ್ಲುಗಳು 200 ಕಿಲೋಮೀಟರಿಗೂ ಆಚೆಯ ವೇಲ್ಸ್‌ನ ಪ್ರೆಸೆಲಿ ಬೆಟ್ಟಗಳವು ಎಂದು ಗುರುತಿಸಿದ. 2024ರಲ್ಲಿ ಅಲ್ಲಿನ ‘ಬಲಿಪೀಠದ ಕಲ್ಲು’ ಸ್ಕಾಟ್ಲೆಂಡಿನ ಈಶಾನ್ಯ ತುದಿಯ ಶಿಲಾಸ್ತರದ್ದೆಂದು ತಿಳಿಯಿತು. ದೂರ ಸುಮಾರು 750 ಕಿಲೋಮೀಟರ್. ಹೆಸರುಗಳು ತಪ್ಪಿದ್ದರೂ ಕಲ್ಲು ಪರದೇಶದ್ದು ಎಂಬ ಗುಟ್ಟನ್ನು ಅಲ್ಲಿನ ಕಥೆ ಹಿಡಿದಿಟ್ಟಿತ್ತು.

ನಮ್ಮಲ್ಲಿ ಹಾಗಲ್ಲ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಸುಮಾರು 400 ಶಿಲಾರಚನೆಗಳಿವೆ. ಮೂರು ಬದಿಗೆ, ನಾಲ್ಕು ಬದಿಗೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಕಲ್ಮನೆಗಳು. ಕೆಲವು ಆಳೆತ್ತರವನ್ನೂ ಮೀರಿವೆ. ಹಲವು ಮನೆಗಳ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಆ ಗುಡ್ಡಕ್ಕೆ ಊರಿನ ಹೆಸರು ಮೋರ್ಯರ ಗುಡ್ಡ. ಮೋರ್ಯರೆಂದರೆ ಕುಳ್ಳ ಜನ. ಬೆಂಕಿಮಳೆ ಸುರಿಯುತ್ತದೆಂದು ಮುಂಚೆಯೇ ತಿಳಿದು ಕಲ್ಲಿನ ಮನೆ ಕಟ್ಟಿಕೊಂಡರು, ಆದರೂ ಉಳಿಯಲಿಲ್ಲ ಎನ್ನುತ್ತದೆ ಕಥೆ. ಇಂಥವೇ ರಚನೆಗಳು ಬೇರೆ ಕಡೆ ಪಾಂಡವರ ಪಾಲಿಗೆ ಹೋಗಿವೆ: ವನವಾಸದಲ್ಲಿ ಭೀಮ ಎತ್ತಿ ಇಟ್ಟ ಕಲ್ಲುಗಳು ಅವು. ಕಟ್ಟಿದವರು ಒಂದೋ ನಮಗಿಂತ ತೀರ ದೊಡ್ಡವರು, ಇಲ್ಲವೇ ತೀರ ಚಿಕ್ಕವರು. ಕಲ್ಲು ದೂರದಿಂದ ಬಂತೆಂಬ ಮಾತು ಈ ಕಥೆಗಳಲ್ಲಿ ಇಲ್ಲ. ಬರಬೇಕಾದ ಅಗತ್ಯವೂ ಇಲ್ಲ. ಕಲ್ಲು ಕಾಲಡಿಯಲ್ಲೇ ಇದೆ. ಬಿಡಿಸಬೇಕಿದ್ದ ಒಗಟು ಬೇರೆ: ಟನ್ನುಗಟ್ಟಲೆ ತೂಗುವ ಚಪ್ಪಡಿ ಎತ್ತಿದವರ ಮನೆಬಾಗಿಲು ಒಂದು ಮಗು ನುಸುಳುವಷ್ಟು ಮಾತ್ರ ಯಾಕಿದೆ? ಚಪ್ಪಡಿಯನ್ನು ನೋಡಿದವರು ಭೀಮ ಎಂದರು, ಕಿಂಡಿಯನ್ನು ನೋಡಿದವರು ಕುಳ್ಳರು ಎಂದರು. ಇವನ್ನು ಮೂಢಕಲ್ಪನೆ ಎಂದು ತಳ್ಳುವವರ ಜೊತೆ ನಾನಿಲ್ಲ. ಕಲ್ಲನ್ನು ಕಣ್ಣಳತೆಯಲ್ಲಿ ಅಳೆದು ಕೊಟ್ಟ ಮೊದಲ ವಿವರಣೆಗಳು ಅವು.

ಬರಹದ ದಾಖಲೆ ಶುರುವಾದದ್ದು 1823ರಲ್ಲಿ, ಮಲಬಾರಿನ ‘ಪಾಂಡು ಕುಳಿ’ಗಳ ಬಗ್ಗೆ ಬ್ಯಾಬಿಂಗ್ಟನ್ ಬರೆದ ಲೇಖನದಿಂದ. ಕನ್ನಡ ನಾಡಿಗೆ ಈ ವಿದ್ಯೆಯನ್ನು ತಂದವನು ಕ್ಯಾಪ್ಟನ್ ಮೆಡೋಸ್ ಟೇಲರ್. 1841ರಿಂದ ಹನ್ನೆರಡು ವರ್ಷ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಈ ಅಧಿಕಾರಿ, ರಾಜನಕೋಳೂರಿನ ಕಲ್ಮನೆಗಳನ್ನೂ ಜೇವರ್ಗಿಯ ಕಲ್ಗುಪ್ಪೆಗಳನ್ನೂ ವಿಭೂತಿಹಳ್ಳಿಯ ಬಯಲಿನಲ್ಲಿ ಸಾಲುಸಾಲಾಗಿ ಇಟ್ಟ ಗುಂಡುಗಳನ್ನೂ ಲೋಕಕ್ಕೆ ತೋರಿಸಿದ. ರಾಜನಕೋಳೂರಿನಲ್ಲೂ ಅವನ ಕಿವಿಗೆ ಬಿದ್ದ ಹೆಸರು ಮೋರ್ಯರ ಮನೆಯೇ. ಬ್ರಿಟನ್ನಿನಲ್ಲೂ ಇಂಥವೇ ಇವೆಯೆಂದು ಹೋಲಿಸಿ, ಒಂದೇ ಜನ ಎರಡೂ ಕಡೆ ಕಟ್ಟಿರಬೇಕೆಂಬ ಊಹೆಯವರೆಗೆ ಅವನ ಮನಸ್ಸು ಹೋಯಿತು. ಆ ಊಹೆ ನಿಲ್ಲಲಿಲ್ಲ. ನಿಂತದ್ದು ಅವನ ಕೈಕೆಲಸ: ಗೋರಿಯನ್ನು ಸೀಳಿ, ಮಣ್ಣಿನ ಪದರ, ಕಲ್ಲು, ಮಡಕೆ, ಎಲುಬು ಎಲ್ಲಿದ್ದವೋ ಅಲ್ಲೇ ಬರೆದ ಅಡ್ಡಸೀಳು ನಕ್ಷೆಗಳು. ನೂರು ವರ್ಷದ ನಂತರ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅವನ್ನು ಮನಸಾರೆ ಹೊಗಳಿದ.

ಟೇಲರನ ನಂತರ ಭೂವಿಜ್ಞಾನಿಗಳ ಸರದಿ. ಪಲ್ಲಾವರಂನಲ್ಲಿ 1863ರಲ್ಲಿ ಭಾರತದ ಮೊದಲ ಹಳೆ ಶಿಲಾಯುಗದ ಕೈಗೊಡಲಿ ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಧಿಕಾರಿ; ಧಾರವಾಡ ಶಿಲಾಸಮೂಹಕ್ಕೆ ಆ ಹೆಸರಿಟ್ಟವನೂ ಅವನೇ. 1915ರಲ್ಲಿ ಮಸ್ಕಿಯ ಅಶೋಕನ ಶಾಸನವನ್ನು ಕಂಡ ಬೀಡನ್ ಚಿನ್ನದ ಗಣಿಯ ಎಂಜಿನಿಯರ್. ನಿಜಾಮರ ರಾಜ್ಯದ ಭೂವಿಜ್ಞಾನಿ ಲಿಯೊನಾರ್ಡ್ ಮನ್, ಹಟ್ಟಿಯ ಸುತ್ತಿನ ಹಳೆಯ ಚಿನ್ನದ ಗಣಿಗಳಿಗೂ ಶಿಲಾಗೋರಿಗಳಿಗೂ ನಂಟಿದೆಯೆಂದು 1934ರಲ್ಲಿ ವಾದಿಸಿದ. ಅದಿರು ಹುಡುಕುವ ಕಣ್ಣೇ ಗೋರಿಯನ್ನೂ ಕಂಡಿತು. ಹಾಗಾಗಿ ನಮ್ಮ ನಾಡಿನಲ್ಲಿ ಈ ಶಾಸ್ತ್ರ ಮೊದಲಿನಿಂದಲೂ ಕಲ್ಲಿನ ಗುಣ ಬಲ್ಲವರ ಕೈಯಲ್ಲಿ ಬೆಳೆಯಿತು. ಮುಂದೆ ಮಡಕೆಗಳ ಬಣ್ಣದ ಚರ್ಚೆಯಲ್ಲಿ ಆ ಗುಣ ಬಹುಕಾಲ ಹಿಂದೆ ಸರಿದದ್ದು ನಷ್ಟವೆಂದೇ ನನ್ನ ಎಣಿಕೆ.

ಕಲ್ಲಿನ ಗುಣವನ್ನು ಸ್ವಲ್ಪ ಬಿಡಿಸಿ ನೋಡಬೇಕು. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರು ಕ್ಲೋಸ್‌ಪೇಟೆ. ಅಲ್ಲಿಂದ ಬಡಗಣಕ್ಕೆ ಚಿತ್ರದುರ್ಗದ ಮೂಡಣ ಸೀಮೆ ಹಾದು ತುಂಗಭದ್ರೆ ದಾಟಿ ಸುಮಾರು 400 ಕಿಲೋಮೀಟರ್ ಸಾಗುವ ಗ್ರಾನೈಟ್ ಪಟ್ಟಿಗೆ ಭೂವಿಜ್ಞಾನದಲ್ಲಿ ಇಂದಿಗೂ ಆ ಹೆಸರೇ. ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದ ಒತ್ತಡದಲ್ಲಿ ಗಟ್ಟಿಯಾದ ಈ ಶಿಲೆ, ಮೇಲಿನ ಹೊದಿಕೆ ಸವೆದು ಹೋದಂತೆ ಹಿಗ್ಗುತ್ತದೆ. ಹಿಗ್ಗಿದಾಗ ಮೈಗೆ ಸಮನಾಗಿ ಬಿರುಕು ಹುಟ್ಟಿ, ಬಂಡೆ ಈರುಳ್ಳಿಯ ಹಾಗೆ ಪದರು ಬಿಡುತ್ತದೆ. ಬಿಸಿಲು, ಮಳೆ, ಬೇರು ಆ ಬಿರುಕನ್ನು ಅಗಲಿಸುತ್ತವೆ. ಪದರದ ಅಂಚಿಗೆ ಬೆಣೆ ಹೊಡೆದು ಹಾರೆ ಕೊಟ್ಟು ಮೀಟಿದರೆ, ಒಂದೇ ದಪ್ಪದ ಚಪ್ಪಡಿ ಎದ್ದು ಬರುತ್ತದೆ. ಹಿರೇಬೆಣಕಲ್ಲಿನ ಗೋಡೆಗಳ ದಪ್ಪವನ್ನು ಮನುಷ್ಯನಿಗಿಂತ ಮೊದಲು ಬೆಟ್ಟವೇ ನಿಗದಿ ಮಾಡಿತ್ತು. ಗುಡ್ಡದ ಮೇಲಿನ ಕೆರೆಯಂಥ ದೊಡ್ಡ ಹೊಂಡವೂ ಕಲ್ಲು ತೆಗೆದ ಜಾಗವೇ. ಗೋರಿಗಳ ನಡುವೆಯೇ ನೀರು ನಿಲ್ಲುವ ತಾಣವಾಗಿ ಅದು ಬದಲಾದದ್ದಕ್ಕೆ ಸಾಮಾಜಿಕ ಅರ್ಥವಿತ್ತೆಂದು, ತುಂಗಭದ್ರೆಯ ಬಯಲಿನಲ್ಲಿ ಕೆಲಸ ಮಾಡಿದ ಆಂಡ್ರ್ಯೂ ಬಾವರ್ ತೋರಿಸಿದ್ದಾರೆ. ಸತ್ತವರಿಗೆ ಮನೆ ಕೊಟ್ಟ ಕುಳಿ, ಬದುಕಿದ್ದವರಿಗೂ ದನಗಳಿಗೂ ನೀರು ಕೊಟ್ಟಿತು. ಆ ನೀರಿನ ಮೇಲಿನ ಹಕ್ಕು ಯಾರದು ಎಂಬುದು ಆಗಲೂ ಸಣ್ಣ ಮಾತಾಗಿರಲಾರದು.

ಬೆಂಕಿಯ ಮಾತನ್ನೂ ಇಲ್ಲೇ ಹೇಳಬೇಕು. 1895ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಎಚ್. ವಾರ್ತ್ ಎಂಬುವರು ಬೆಂಗಳೂರಿನ ಕಲ್ಲುಕುಟಿಗರ ಕೆಲಸವನ್ನು ವರ್ಣಿಸಿದರು. ಬಂಡೆಯ ಮೇಲೆ ಸೌದೆಯ ಉರಿಯನ್ನು ಒಂದು ಗೆರೆಯಾಗಿ ಹಚ್ಚಿ, ಮೆಲ್ಲಗೆ ಮುಂದಕ್ಕೆ ಸರಿಸುತ್ತ ಹೋಗುವುದು. ಸುತ್ತಿಗೆಯಿಂದ ತಟ್ಟಿ, ದನಿ ಬದಲಾದ ಕಡೆ ಕೆಳಗೆ ಪದರು ಬಿಟ್ಟಿತೆಂದು ತಿಳಿಯುವುದು. ಸುಮಾರು 8 ಗಂಟೆಯ ಉರಿಯಲ್ಲಿ ಸರಾಸರಿ 5 ಅಂಗುಲ ದಪ್ಪದ, ಸುಮಾರು 740 ಚದರ ಅಡಿಯ ಹಾಸು ಒಂದೇ ತುಂಡಾಗಿ ಬಿಟ್ಟಿತಂತೆ. ಬೆಂಗಳೂರಿನ ಹಳೆಯ ಮನೆಗಳ ಚಪ್ಪಡಿ ಮಾಡು, ಹೊಲದ ಬೇಲಿಗಲ್ಲು ಇವೆಲ್ಲ ಇಂಥ ವಿದ್ಯೆಯ ಫಲ. ಇದರ ಆಧಾರದ ಮೇಲೆ ಮೋರ್ಯರ ಕಥೆಯ ಬೆಂಕಿಮಳೆಗೂ ಬಂಡೆ ಸೀಳುವ ಬೆಂಕಿಗೂ ಗಂಟು ಹಾಕಲಾರೆ. ಅಷ್ಟು ಪುರಾವೆ ಇಲ್ಲ. ಆದರೆ ಎರಡೂ ಹುಟ್ಟಿದ್ದು, ಬೆಂಕಿಗೆ ಬಂಡೆ ಹೇಗೆ ಉತ್ತರಿಸುತ್ತದೆಂದು ಬಲ್ಲ ನಾಡಿನಲ್ಲಿ.

ಸುಟ್ಟ ನೆಲದ ಇನ್ನೊಂದು ಕಥೆ ಇದರ ಪಕ್ಕದಲ್ಲೇ ಇದೆ. ಹಂಪಿಯ ಬಳಿ ನಿಂಬಾಪುರದ ಬೂದಿದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಬಳ್ಳಾರಿ ಸೀಮೆಯ ಇಂಥ ದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿಗಳೆಂದು ಫೂಟ್ ಹೇಳಿದ್ದ. 1957ರಲ್ಲಿ ಉಟ್ನೂರು ಅಗೆದ ರೇಮಂಡ್ ಆಲ್ಚಿನ್, ಬೂದಿಯನ್ನು ಪರೀಕ್ಷಿಸಿದ ಝಾಯ್ನರ್ ಅದನ್ನು ಗಟ್ಟಿ ಮಾಡಿದರು. ಪುಣೆಯಿಂದ ಬಂದ ಕೆ. ಪದ್ದಯ್ಯ ಸುರಪುರದ ಬೂದಿಹಾಳದಲ್ಲಿ ದಿಬ್ಬದ ಜೊತೆಗೇ ಊರನ್ನೂ ಬಯಲು ಮಾಡಿದರು. ಅದೇ ಸೀಮೆಯ ಇಸಾಂಪುರದಲ್ಲಿ ಅವರ ತಂಡ ಅಗೆದದ್ದು ಸುಮಾರು 12 ಲಕ್ಷ ವರ್ಷ ಹಳೆಯ ಕಲ್ಲುಗಣಿ. ಆದಿಮಾನವರು ಸುಣ್ಣಗಲ್ಲಿನ ಹಾಸುಗಳನ್ನು ಕಿತ್ತು ಆಯುಧ ಮಾಡುತ್ತಿದ್ದ ಜಾಗ. ಯಾವ ಕಲ್ಲು ಹೇಗೆ ಒಡೆಯುತ್ತದೆಂಬ ತಿಳಿವಳಿಕೆ ಈ ನಾಡಿನಲ್ಲಿ ಮೋರ್ಯರಿಗಿಂತ ಊಹೆಗೆ ಮೀರಿದಷ್ಟು ಹಳೆಯದು.

ಸ್ವಾತಂತ್ರ್ಯದ ವರ್ಷವೇ ಈ ಅಧ್ಯಯನದ ತಿರುವೂ ಆಯಿತು. 1947ರಲ್ಲಿ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆದು, ನವಶಿಲಾಯುಗದ ನಂತರ, ಆಂಧ್ರ ಸಾತವಾಹನರ ಕಾಲಕ್ಕೆ ಮೊದಲು ಈ ಗೋರಿಗಳನ್ನು ಕೂರಿಸಿದ. ಕಥೆಯಲ್ಲಿ ತೇಲುತ್ತಿದ್ದ ಕಲ್ಲುಗಳಿಗೆ ಮೊದಲ ಬಾರಿಗೆ ಕಾಲದ ನೆಲೆ ಸಿಕ್ಕಿತು. ಮಸ್ಕಿಯಲ್ಲಿ ಬಿ.ಕೆ. ಥಾಪರ್ 1954ರಲ್ಲಿ ಇದನ್ನು ಮುಂದುವರಿಸಿದರು. ಪುಣೆಯಲ್ಲಿ ಸಂಕಾಲಿಯಾ ಅವರ ಶಿಷ್ಯ ಬಿ. ಸುಬ್ಬರಾವ್ ಅವರ ಬಳ್ಳಾರಿಯ ಶಿಲಾಯುಗದ ಗ್ರಂಥ 1948ರಲ್ಲಿ ಬಂತು, ಎಂ.ಎಸ್. ನಾಗರಾಜರಾವ್ 1960ರ ದಶಕದಲ್ಲಿ ತೆಕ್ಕಲಕೋಟೆ, ಹಳ್ಳೂರುಗಳನ್ನು ಅಗೆದರು. ಹಳ್ಳೂರಿನಲ್ಲಿ ಸಿಕ್ಕ ಕಬ್ಬಿಣ, ಕಬ್ಬಿಣ ಬಳಸುತ್ತಿದ್ದ ಈ ಗೋರಿಗಳ ಜನರ ಕಾಲವನ್ನು ವೀಲರ್ ಊಹಿಸಿದ್ದಕ್ಕಿಂತ ಬಹಳ ಹಿಂದಕ್ಕೆ ದೂಡಿತು. ಗೋರಿಗಳ ರಚನೆಯನ್ನೇ ಮುಖ್ಯವಾಗಿ ಹಿಡಿದವರು ಧಾರವಾಡದ ಅ. ಸುಂದರ. ಉತ್ತರ ಕರ್ನಾಟಕದ ಕೋಣೆಗೋರಿಗಳ ಮೇಲಿನ 1975ರ ಅವರ ಪುಸ್ತಕ ನಮ್ಮ ಜಿಲ್ಲೆಗಳನ್ನು ಊರೂರು ಸುತ್ತಿ ಬರೆದದ್ದು. ಈ ಕ್ಷೇತ್ರಕ್ಕೆ ಯಾರಾದರೂ ಹೊಸದಾಗಿ ಕಾಲಿಡುವುದಾದರೆ ನಾನು ಮೊದಲು ಕೊಡುವ ಪುಸ್ತಕ ಅದೇ.

ಈ ಎಲ್ಲ ಕೆಲಸ ಒಟ್ಟಾದಾಗ ಕಾಣುವ ಚಿತ್ರ ಸೊಗಸಾದದ್ದು. ಗ್ರಾನೈಟ್ ಇರುವಲ್ಲಿ ಚಪ್ಪಡಿಯ ಕಲ್ಮನೆ, ಪೆಟ್ಟಿಗೆಗೋರಿ. ಐಹೊಳೆಯ ಮೇಗುಟಿ ಗುಡ್ಡದ ಮೇಲೆ, ಪದರಪದರವಾಗಿ ಏಳುವ ಮರಳುಗಲ್ಲಿನ ಕಲ್ಮನೆ. ಕಾಸರಗೋಡಿನಿಂದ ಮಲಬಾರಿನವರೆಗೆ ಮುರಕಲ್ಲು. ಚಪ್ಪಡಿಯಾಗಿ ಏಳದಿದ್ದರೂ ನೆಲದೊಳಗೆ ಕೊಡಲಿಗೆ ಬಗ್ಗುವಷ್ಟು ಮೃದು, ಗಾಳಿಗೆ ಬಂದ ಮೇಲೆ ಗಟ್ಟಿ. ಅಲ್ಲಿ ಗೋರಿಯನ್ನು ಕಟ್ಟಲಿಲ್ಲ, ನೆಲಕ್ಕೆ ಗುಹೆಯಾಗಿ ಕೊರೆದರು. ಪುಣೆಯ ಕಪ್ಪು ಕಲ್ಲಿನ ನಾಡು ಈಶಾನ್ಯಕ್ಕೆ ಹಬ್ಬಿದ ವಿದರ್ಭದಲ್ಲಿ ಸುಲಭಕ್ಕೆ ಸಿಗುವುದು ಗುಂಡು. ಅಲ್ಲಿ ಗುಂಡುಗಳನ್ನು ಬಳಸಿಟ್ಟು ಒಳಗೆ ಕಲ್ಲುಮಣ್ಣು ತುಂಬಿದ ವೃತ್ತಗಳೇ ಹೆಚ್ಚು. ನಾಗಪುರದ ಬಳಿಯ ಜುನಾಪಾಣಿಯ ವೃತ್ತಗಳ ಕಲ್ಲಿನ ಮೇಲೆ ಸಾಲಾಗಿ ಕೊರೆದ ಬಟ್ಟಲುಗುಳಿಗಳನ್ನು 1870ರ ದಶಕದಲ್ಲಿ ರಿವೆಟ್ ಕಾರ್ನಾಕ್ ಗಮನಿಸಿದ್ದ. ಎಸ್.ಬಿ. ದೇವ್ ಮಾಹುರ್‌ಝರಿಯಲ್ಲಿ ತೆರೆದ ವೃತ್ತಗಳಿಂದ ತಾಮ್ರದ ಆಭರಣ ತೊಟ್ಟ ಕುದುರೆಗಳ ಅವಶೇಷ ಬಂತು. ನೈಕುಂಡದಲ್ಲಿ ಕಬ್ಬಿಣ ಕರಗಿಸುವ ಕುಲುಮೆಯೇ ಸಿಕ್ಕಿತು.

ಹಾಗೆಂದು ಎಲ್ಲವನ್ನೂ ಕಲ್ಲೇ ತೀರ್ಮಾನಿಸಿತೆನ್ನುವುದು ಸರಿಯಲ್ಲ. ಬ್ರಹ್ಮಗಿರಿಯೇ ಅದಕ್ಕೆ ಸಾಕ್ಷಿ. ಒಂದೇ ಗ್ರಾನೈಟಿನ ತಪ್ಪಲಲ್ಲಿ ವೀಲರನಿಗೆ ಚಪ್ಪಡಿಗಳನ್ನು ಸ್ವಸ್ತಿಕದಂತೆ ಒಂದಕ್ಕೊಂದು ಆನಿಸಿ, ಮೂಡಣಕ್ಕೆ ಕಿಂಡಿ ಬಿಟ್ಟ ಗೋರಿಗಳೂ ಸಿಕ್ಕವು, ಚಪ್ಪಡಿಯನ್ನೇ ಬಳಸದೆ ಗುಂಡುಗಳ ವೃತ್ತದೊಳಗೆ ತೋಡಿದ ಬರೀ ಕುಳಿಗಳೂ ಸಿಕ್ಕವು. ಯಾರಿಗೆ ಯಾವ ಬಗೆ ಎಂದು ಆರಿಸಿದ್ದು ಮನುಷ್ಯರು. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಿಲಸ್ಕಲ್, ಬೈಸೆಗಳ ನಿಲುಗಲ್ಲುಗಳಲ್ಲಿ ಕೆಲವು ಜೋಡಿಗಳು ಅಯನ ಸಂಕ್ರಾಂತಿಯ ದಿನದ ಸೂರ್ಯನ ಉದಯಾಸ್ತಗಳಿಗೆ ಹೊಂದುತ್ತವೆಂದು ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ, ಕೈಲಾಶ್ ರಾವ್ ತೋರಿಸಿದ್ದಾರೆ. ಅಲ್ಲಿ ಕಲ್ಲಿನ ಜಾಗವನ್ನು ಗೊತ್ತು ಮಾಡಿದ್ದು ಆಕಾಶ.

ಮುಂದೆ ಆಗಬೇಕಾದದ್ದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಸ್ಟೋನ್‌ಹೆಂಜ್‌ನ ಕಲ್ಲಿನ ಊರು ಹಿಡಿದದ್ದು ತೆಳುಸೀಳು, ಸೂಕ್ಷ್ಮದರ್ಶಕ, ಖನಿಜಗಳ ಕಾಲನಿರ್ಣಯ. ಆ ಪರೀಕ್ಷೆಗೆ ಬೇಕಾದ ಪ್ರಯೋಗಾಲಯಗಳು ನಮ್ಮಲ್ಲೂ ಇವೆ. ವಿಭೂತಿಹಳ್ಳಿಯ ಗುಂಡು, ನಿಲಸ್ಕಲ್ಲಿನ ಉದ್ದಗಲ್ಲು, ಬ್ರಹ್ಮಗಿರಿಯ ಚಪ್ಪಡಿ ಯಾವ ಇಳಿಜಾರಿನಿಂದ ಬಂದವೆಂದು ಒಂದೊಂದಾಗಿ ಗುರುತಿಸಿದರೆ, ಎಷ್ಟು ಜನ ಎಷ್ಟು ದೂರ ಎಳೆದರು ಎಂಬ ಲೆಕ್ಕ ಊಹೆಯಿಂದ ಹೊರಬರುತ್ತದೆ. ಕಥೆಗಳನ್ನೂ ಅಷ್ಟೇ ಶ್ರದ್ಧೆಯಿಂದ, ಊರ ಹೆಸರು ಸಮೇತ, ಹೇಳುವವರ ಮಾತಿನಲ್ಲೇ ದಾಖಲಿಸಬೇಕು. ಕುರಿ ಮೇಯಿಸುವವರಿಗೂ ಕಲ್ಲು ಒಡೆಯುವವರಿಗೂ ಗೊತ್ತಿರುವುದು ಅಗೆತದ ವರದಿಗಳಲ್ಲಿ ತೀರ ಕಡಿಮೆ ಬಂದಿದೆ.

ಹಿರೇಬೆಣಕಲ್ 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ರಾಯಚೂರಿನ ಗಡಿಯಾಚೆ ಕೃಷ್ಣಾ ದಂಡೆಯಲ್ಲಿರುವ ತೆಲಂಗಾಣದ ಮುಡುಮಾಲದ ನಿಲುಗಲ್ಲುಗಳು 2025ರಲ್ಲಿ ಸೇರಿದವು. ಪಟ್ಟಿಯ ಹೊರಗಿರುವವುಗಳ ಪಾಡು ಬೇರೆ. ಮೂಡುಬಿದಿರೆಯ ಬಳಿಯ ಮೂಡುಕೊಣಾಜೆಯಲ್ಲಿ 1980ರ ದಶಕದಲ್ಲಿ ಪುಂಡಿಕಾಯಿ ಗಣಪಯ್ಯ ಭಟ್ಟರು ಒಂಬತ್ತು ಕಲ್ಮನೆಗಳನ್ನು ವರದಿ ಮಾಡಿದ್ದರು. ಟಿ. ಮುರುಗೇಶಿ ಅವರ ತಂಡಕ್ಕೆ ಅಲ್ಲಿ ಅಪರೂಪದ ಸುಟ್ಟಮಣ್ಣಿನ ಗೊಂಬೆಗಳು ದೊರೆತ ಸುದ್ದಿ 2023ರಲ್ಲಿ ಬಂದಾಗ, ಒಂಬತ್ತರಲ್ಲಿ ಎರಡು ಮಾತ್ರ ಉಳಿದಿದ್ದವು. ಕಲ್ಲುಗಣಿಗೆ ಪರವಾನಗಿ ಕೊಡುವ ನಕ್ಷೆಯ ಮೇಲೆ ಇಂಥ ಪ್ರತಿ ನೆಲೆಯನ್ನೂ ಮೊದಲು ಗುರುತಿಸುವುದು ತಾಲ್ಲೂಕು ಮಟ್ಟದಲ್ಲೇ ಆಗಬಹುದಾದ ಕೆಲಸ.